ಮಗಳಿಗೆ ಹಾಕಲು ಹೋದ ಟೋಪಿ

ಜನ ಬಸ್ಸಿನಲ್ಲಿ ಮರೆತು ಇಳಿದುಹೋದ ವಸ್ತುಗಳನ್ನು ಕಾಯುವ ಕೆಲಸ ನನ್ನದು. ಅಂಥವಳ ಹೊಟ್ಟೆಯಲ್ಲಿ, ಇಡೀ ಊರಿಗೇ ಅತಿ ಹೆಚ್ಚು ವಸ್ತು ಕಳೆಯುವ ಮಗಳು ಹುಟ್ಟಿದ್ದಾಳೆ ಎಂದರೆ, ಮೇಲಿರುವವನಿಗೆ ಬಿಡುವಿನ ವೇಳೆ ಜಾಸ್ತಿ ಎಂದೇ ಅರ್ಥ. ಬೇರೆ ತಾಯಂದಿರಿಗೆ ಮಕ್ಕಳ ನೀರಿನ ಬಾಟಲಿ ಕಳೆದರೆ ಒಂದು ಸಲ ಸಂಕಟ. ನನಗೆ ಎರಡು ಸಲ. ಮನೆಯಲ್ಲಿ ಹುಡುಕುವಾಗ ಒಮ್ಮೆ. ಕಂಡಕ್ಟರು ಅದನ್ನು ತಂದು ನನ್ನದೇ ಮೇಜಿನ ಮೇಲಿಟ್ಟು, "ನಿಮ್ಮನೇದು ಮೇಡಂ" ಎಂದು ಹಲ್ಲು ಬಿಡುವಾಗ ಇನ್ನೊಮ್ಮೆ.

ನಮ್ಮ ಕಚೇರಿ ಇರುವುದು ಬಸ್ ನಿಲ್ದಾಣದ ಮೆಟ್ಟಿಲುಗಳ ಕೆಳಗೆ. ಒಳಗೆ ಕಾಲಿಟ್ಟರೆ ಒದ್ದೆ ಕೊಡೆ ಮತ್ತು ಹಳೇ ರಬ್ಬರಿನ ವಾಸನೆ. ಕಪಾಟುಗಳ ತುಂಬ ಕೊಡೆ, ಕನ್ನಡಕ, ಒಂಟಿ ಚಪ್ಪಲಿ, ಒಂದು ಸೆಟ್ಟು ಕಟ್ಟುಹಲ್ಲು, ಒಂದು ಊರುಗೋಲು. (ಊರುಗೋಲು ಬಿಟ್ಟು ಇಳಿದವರು ಮನೆಗೆ ಹೇಗೆ ನಡೆದುಹೋದರು ಎಂದು ನಾನು ಇವತ್ತಿಗೂ ಯೋಚಿಸುತ್ತೇನೆ.) ಈ ಸಾಮ್ರಾಜ್ಯವನ್ನು ಆಳುವವರು ಇಬ್ಬರು: ನಾನು, ಮತ್ತು ಎಲ್ಲರೂ 'ಹಿರಿಯರು' ಎಂದು ಕರೆಯುವ ಗುಮಾಸ್ತರು. ಅವರಿಗೆ ನಿವೃತ್ತಿ ಹತ್ತಿರವಾಗಿದೆ. ಮೊದಲೆಲ್ಲ ಅವರು ಮುಖ ನೋಡಿ ವಸ್ತು ಕೊಟ್ಟುಬಿಡುತ್ತಿದ್ದರು. ಬಂದವರು ಅಳುಮುಖ ಮಾಡಿದರೆ ಎರಡು ಕೊಡೆ ಬೇಕಾದರೂ ಕೊಡುವ ಜಾಯಮಾನ. ನಾನು ಬಂದು ಕಾನೂನು ತಂದೆ. ಗುರುತು ಹೇಳದೆ ಯಾರಿಗೂ ಏನೂ ಇಲ್ಲ, ಸ್ವಂತ ತಮ್ಮನೇ ಬಂದರೂ ಇಲ್ಲ ಎಂದು ಅವರಿಗೆ ಪಾಠ ಮಾಡಿದೆ.

ನನ್ನ ಕಾನೂನಿನ ಬಿಸಿ ಹೆಚ್ಚು ತಟ್ಟಿದ್ದು ಒಬ್ಬ ನಿವೃತ್ತ ಭೂಗೋಳದ ಟೀಚರಿಗೆ. ಆಕೆ ಅಗಲ ಅಂಚಿನ ಹುಲ್ಲಿನ ಟೋಪಿಯೊಂದನ್ನು ಕಳೆದುಕೊಂಡು ಬಂದಿದ್ದರು. ಟೋಪಿಗೆ ಸುತ್ತಿದ ಪಟ್ಟಿಯ ಬಣ್ಣ ಯಾವುದು ಎಂದು ಕೇಳಿದೆ. ನೀಲಿ ಎಂದರು. ಕಪಾಟಿನಲ್ಲಿದ್ದ ಟೋಪಿಯ ಪಟ್ಟಿ ಹಸಿರು. ಜಗತ್ತಿನ ನದಿಗಳ ಹೆಸರನ್ನೆಲ್ಲ ನಿದ್ದೆಯಲ್ಲಿ ಬೇಕಾದರೂ ಹೇಳಬಲ್ಲ ಆಕೆಗೆ ತಮ್ಮದೇ ತಲೆಯ ಮೇಲಿನ ಬಣ್ಣ ಗೊತ್ತಿರಲಿಲ್ಲ. ಬರಿಗೈಯಲ್ಲಿ ಕಳಿಸಿದೆ. ಅವತ್ತು ಊಟ ರುಚಿಯಾಗಿತ್ತು.

ಇನ್ನು ಮಗಳ ವಿಷಯ. ಅವಳನ್ನು ನಾವು ಬುಗುರಿ ಎಂದು ಕರೆಯುತ್ತೇವೆ. ಹೆಸರಿಟ್ಟದ್ದು ಅವಳ ಅಪ್ಪ. ನಿಜವಾದ ಬುಗುರಿಯಾದರೆ ಸುತ್ತಿ ಸುತ್ತಿ ಒಂದು ಹೊತ್ತಿಗೆ ಬೀಳುತ್ತದೆ; ಇದು ಬೀಳುವ ಬುಗುರಿಯಲ್ಲ. ಎರಡನೇ ತರಗತಿಯಲ್ಲಿದ್ದಾಗ ಮಕ್ಕಳ ಮನಸ್ಸಿನ ಡಾಕ್ಟರಮ್ಮ ಅವಳನ್ನು ಕೂರಿಸಿ, ಆಡಿಸಿ, ಶಾಲೆಯವರನ್ನು ವಿಚಾರಿಸಿ, ಇದು ಎಡಿಎಚ್‌ಡಿ ಎಂದರು. ಗಮನ ಒಂದು ಕಡೆ ನಿಲ್ಲುವುದಿಲ್ಲ, ಕೈಕಾಲು ಸುಮ್ಮನಿರುವುದಿಲ್ಲ, ಇದು ಮಗುವಿನ ತಪ್ಪಲ್ಲ, ತಾಯಿಯ ತಪ್ಪೂ ಅಲ್ಲ ಎಂದು ಬಿಡಿಸಿ ಹೇಳಿದರು. (ಕೊನೆಯ ಮಾತನ್ನು ನಮ್ಮತ್ತೆಯವರಿಗೂ ಒಮ್ಮೆ ಫೋನಿನಲ್ಲಿ ಹೇಳಿ ಎಂದು ಕೇಳಿಕೊಂಡೆ. ಹೇಳಿದರು. ಒಳ್ಳೆಯ ಡಾಕ್ಟರು.)

ಮಾತ್ರೆ ಶುರುವಾಯಿತು, ಬುಗುರಿ ನಿಂತಿತು. ಮಾತ್ರೆ ಒಳ್ಳೆಯದನ್ನೇ ಮಾಡಿತು, ಸುಳ್ಳು ಹೇಳಬಾರದು. ಲೆಕ್ಕ ಅರ್ಧಕ್ಕೆ ಬಿಡುವುದು ತಪ್ಪಿತು, ಸ್ನೇಹಿತೆಯರು ಮನೆಗೆ ಬರತೊಡಗಿದರು, ನನ್ನ ಕಚೇರಿಯಲ್ಲಿ ಅವಳಿಗೆಂದೇ ಮೀಸಲಾಗಿದ್ದ ಕೆಳಗಿನ ಕಪಾಟು ಖಾಲಿಯಾಯಿತು. ನಾವು ಮನೆ ಬದಲಾಯಿಸಿದೆವಾ ಎಂದು ಕಂಡಕ್ಟರುಗಳು ವಿಚಾರಿಸಿದರು. ಹಸಿವೊಂದು ಮಾತ್ರ ಮಾತ್ರೆಗೆ ಹೆದರಿ ಎಲ್ಲೋ ಅಡಗಿಕೊಂಡಿತ್ತು. ಶಾಲೆಗೆ ಕಳಿಸಿದ್ದು ಹಾಗೇ ವಾಪಸು ಬರುತ್ತಿತ್ತು.

ಈಗ ಅವಳು ಆರನೇ ತರಗತಿ ಮುಗಿಸಿದ್ದಾಳೆ. ಬೆಳೆದಿದ್ದಾಳಲ್ಲ, ಈ ರಜೆಯಲ್ಲಿ ಮಾತ್ರೆ ಇಳಿಸಿ, ಆಮೇಲೆ ನಿಲ್ಲಿಸಿ ನೋಡೋಣ ಎಂದು ಡಾಕ್ಟರಮ್ಮ ಸೂಚಿಸಿದರು. ಹಸಿವು, ನಿದ್ದೆ, ಸಿಟ್ಟು, ಸ್ನೇಹ ಎಲ್ಲದರ ಮೇಲೂ ಕಣ್ಣಿಡಿ, ಏನಾದರೂ ಅನಿಸಿದರೆ ನನಗೆ ಫೋನು ಮಾಡಿ ಎಂದರು. ಮೊದಲಿನ ಹಾಗೇ ಆಗಿಬಿಟ್ಟರೆ ಎಂದು ನಾನು ಕೇಳಿದೆ. "ಆದ್ರೆ ಮತ್ತೆ ಶುರು ಮಾಡೋಣ. ಫೇಲಾಗೋಕೆ ಇದೇನು ಪರೀಕ್ಷೇನಾ?" ಎಂದರು. ಬುಗುರಿಗೆ ನಮಗಿಂತ ಹೆಚ್ಚು ಉತ್ಸಾಹ. "ಒಳಗೆ ಯಾರಿದಾರೆ ಅಂತ ನಂಗೂ ನೋಡ್ಬೇಕು" ಎಂದಳು. ಯಾರೋ ಬಾಡಿಗೆದಾರರ ಬಗ್ಗೆ ಹೇಳುವ ಹಾಗೆ.

ಮಾತ್ರೆ ನಿಂತಿತು, ಮಾತು ಶುರುವಾಯಿತು. ಬೆಳಿಗ್ಗೆ ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿರುವಾಗಲೇ ಮೊದಲ ಪ್ರಶ್ನೆ ಬರುತ್ತಿತ್ತು. ಮೀನಿಗೆ ಬಾಯಾರಿಕೆ ಆಗತ್ತಾ? ಕಟ್ಟುಹಲ್ಲು ಕಳೆದುಕೊಂಡವರು ಬಂದರೆ ಬಾಯಿಗೆ ಹಾಕಿ ನೋಡಿ ಕೊಡುತ್ತೀಯಾ? (ನಿಜಕ್ಕೂ ಒಳ್ಳೆಯ ಪ್ರಶ್ನೆ. ನಾನು ಎರಡು ದಿನ ಯೋಚಿಸಿದೆ.) ಓಡಿಹೋಗಿದ್ದ ಹಸಿವು ಬಡ್ಡಿ ಸಮೇತ ಹಿಂತಿರುಗಿತು. ಬ್ರೆಡ್ಡು, ಬಾಳೆಹಣ್ಣು, ಮೊಟ್ಟೆ ಯಾವುದೂ ನಮ್ಮ ಮನೆಯಲ್ಲಿ ಒಂದು ರಾತ್ರಿ ತಂಗುವಂತಿರಲಿಲ್ಲ. ಮುಖಕ್ಕೆ ಕಳೆ ಬಂತು. ಮನೆಯ ವಸ್ತುಗಳಿಗೆ ಕಳೆಯುವ ಕಾಲ ಬಂತು. ಕರೆಗಂಟೆಯನ್ನು ಬಿಚ್ಚಿ ಒಳಗೇನಿದೆ ಎಂದು ನೋಡಿದಳು. ಈಗ ಅದು ನಾವು ಬೇಡವೆಂದಾಗಲೂ ಹೊಡೆದುಕೊಳ್ಳುತ್ತದೆ. ಒಂದು ಸಂಜೆ ಪೆನ್ಸಿಲ್ ಸಿಗಲಿಲ್ಲವೆಂದು ಅಪ್ಪನ ಮೇಲೆ ಕೂಗಾಡಿ, ಬಾಗಿಲು ಹಾಕಿಕೊಂಡು ಅತ್ತಳು. ಆಮೇಲೆ ತಾನೇ ಬಂದು ಅವರ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ಪೆನ್ಸಿಲ್ ಕಿವಿಯ ಹಿಂದೆಯೇ ಇತ್ತು.

ಆ ಅಳು ಕೇಳಿ, ಮಾತ್ರೆ ನಿಲ್ಲಿಸಿ ತಪ್ಪು ಮಾಡಿದೆವೇನೋ ಎಂದು ಗಂಡನ ಹತ್ತಿರ ಗೋಳಾಡಿದೆ. ಅವರು ಮುದ್ರಣಾಲಯದಲ್ಲಿ ಪ್ರೂಫ್ ತಿದ್ದುವವರು. ಪ್ರಪಂಚವೇ ಅವರಿಗೆ ತಿದ್ದಬೇಕಾದ ಒಂದು ಕರಡು. ಕನ್ನಡಕದ ಮೇಲಿನಿಂದ ನೋಡಿ, "ಅಲ್ಲ ಕಣೇ, ಅವಳ ವಾಕ್ಯಕ್ಕೆ ಪೂರ್ಣವಿರಾಮ ಇಲ್ಲ, ಅಷ್ಟೇ. ಅರ್ಥ ಸರಿಯಾಗೇ ಇದೆ" ಎಂದರು. ಇಂಥ ಮಾತು ಕೇಳಲು ಚೆನ್ನಾಗಿರುತ್ತದೆ. ಕಪಾಟಿನಿಂದ ಬಾಟಲಿ ಹೊತ್ತು ತರುವವಳು ನಾನಲ್ಲವೇ.

ಹೀಗಿರುವಾಗ ಒಂದು ಬೆಳಿಗ್ಗೆ ಬುಗುರಿ ಬಾಂಬು ಹಾಕಿದಳು. ಈಜು ತರಗತಿಗೆ ಇನ್ನು ಒಬ್ಬಳೇ ಬಸ್ಸಿನಲ್ಲಿ ಹೋಗುತ್ತಾಳಂತೆ. ಈಜುಕೊಳ ನನ್ನ ಕಚೇರಿಗಿಂತ ಎರಡು ನಿಲ್ದಾಣ ಮುಂದೆ, ಅದೇ ಬಸ್ಸಿನ ದಾರಿ. ಅಲ್ಲಿಯ ತನಕ ನಾನೇ ಅವಳನ್ನು ಬಿಟ್ಟು ಹಿಂದೆ ಬರುತ್ತಿದ್ದೆ. ಆಗುವುದಿಲ್ಲ ಎಂದೆ. ಇನ್ನೊಂದು ವರ್ಷ ಹೋಗಲಿ ಎಂದೆ. ಟವಲು, ಕನ್ನಡಕ, ಚಪ್ಪಲಿ, ಬಾಟಲಿ, ತಲೆಗೆ ಹಾಕುವ ರಬ್ಬರ್ ಚೀಲ ಇಷ್ಟೆಲ್ಲ ಹಿಡಿದುಕೊಂಡು ಒಬ್ಬಳೇ ಹೋದರೆ ಒದ್ದೆ ಕೂದಲೊಂದು ಬಿಟ್ಟು ಬೇರೇನೂ ಮನೆಗೆ ಬರುವುದಿಲ್ಲ ಎಂದೆ.

ಅವಳು ಕೋಪಿಸಿಕೊಳ್ಳಲಿಲ್ಲ. "ಮಾತ್ರೆ ಇಲ್ದೆ ನಾನು ಹೇಗಿರ್ತೀನಿ ಅಂತ ನೋಡ್ಬೇಕು ಅಂದ್ರಿ. ನೀನು ಪಕ್ಕದಲ್ಲೇ ಕೂತಿದ್ರೆ, ನೀನಿದ್ರೆ ನಾನು ಹೇಗಿರ್ತೀನಿ ಅಂತ ಮಾತ್ರ ಗೊತ್ತಾಗತ್ತೆ ಅಮ್ಮ" ಎಂದಳು.

ನನ್ನ ಗಂಡ ತಿದ್ದುವ ಪೆನ್ನು ಕೆಳಗಿಟ್ಟರು. ಅದು ಅವರ ಮಟ್ಟಿಗೆ ಎದ್ದುನಿಂತು ಚಪ್ಪಾಳೆ ತಟ್ಟಿದ ಹಾಗೆ. ಇಬ್ಬರ ಎದುರು ನಾನೊಬ್ಬಳು, ಸೋತೆ. ಹೋಗು ಎಂದೆ. ಮಾತಿಗೆ ಹೇಳಿದ್ದು ಅಷ್ಟೇ. ಮನಸ್ಸಿನಲ್ಲಿ ಆಗಲೇ ಒಂದು ಮಹಾಯೋಜನೆ ಮೊಳಕೆಯೊಡೆದಿತ್ತು.

ಯೋಜನೆಗೆ ವೇಷ ಬೇಕಿತ್ತು. ಮಗಳಿಗೆ ಟೋಪಿ ಹಾಕಬೇಕಾದರೆ ಮೊದಲು ನಾನೊಂದು ಟೋಪಿ ಹಾಕಬೇಕು ಎಂದು ಹೊಳೆದದ್ದೇ ಕಪಾಟಿನ ಮೇಲಿದ್ದ ಹುಲ್ಲಿನ ಟೋಪಿ ನೆನಪಾಯಿತು. ವಾರಸುದಾರರಿಲ್ಲ, ಒಂದು ಬೆಳಗಿನ ಮಟ್ಟಿಗೆ ಗಾಳಿಗಾದರೂ ಆಡಲಿ ಎಂದು ಸಮಾಧಾನ ಹೇಳಿಕೊಂಡು ಹಿಂದಿನ ಸಂಜೆ ಚೀಲಕ್ಕೆ ಇಳಿಸಿದೆ. ಹಿರಿಯರು ನೋಡಿದರು. ನಾಳೆ ಬರುವುದು ತಡವಾಗುತ್ತದೆ ಎಂದೆ. ತಲೆಯಾಡಿಸಿದರು.

ಬೆಳಿಗ್ಗೆ ಬೇಗ ಕೆಲಸವಿದೆ ಎಂದು ಮೊದಲೇ ಹೊರಟೆ. ನಮ್ಮ ಮನೆಯ ನಿಲ್ದಾಣಕ್ಕಿಂತ ಒಂದು ನಿಲ್ದಾಣ ಹಿಂದಕ್ಕೆ ನಡೆದುಹೋಗಿ ಬಸ್ ಹತ್ತಿದೆ. ತಲೆಗೆ ಟೋಪಿ, ಕಣ್ಣಿಗೆ ಕಪ್ಪು ಕನ್ನಡಕ. ಎಲ್ಲಕ್ಕಿಂತ ಹಿಂದಿನ ಸೀಟು. ಕಂಡಕ್ಟರು ಟಿಕೆಟ್ ಕೊಟ್ಟು, "ಕಣ್ಣು ಬಂದಿದೆಯಾ ಮೇಡಂ?" ಎಂದು ಕೇಳಿದರು. ವೇಷದ ಬಗ್ಗೆ ನನಗಿದ್ದ ನಂಬಿಕೆ ಅಲ್ಲಿಗೇ ಸ್ವಲ್ಪ ಅಲ್ಲಾಡಬೇಕಿತ್ತು. ಅಲ್ಲಾಡಲಿಲ್ಲ.

ಬುಗುರಿ ಹತ್ತಿದಳು. ಮುಂದಿನ ಬಾಗಿಲ ಹತ್ತಿರ ಕೂತಳು, ಟಿಕೆಟ್ ತೆಗೆದುಕೊಂಡಳು, ಎದ್ದಳು, ಕಿಟಕಿಯ ಪಕ್ಕ ಕೂತಳು, ಮತ್ತೆ ಎದ್ದಳು. ಪಕ್ಕದಲ್ಲಿ ಪಂಜರ ಹಿಡಿದು ಕೂತಿದ್ದ ತಾತನನ್ನು ಹಕ್ಕಿಯ ಬಗ್ಗೆ ಏನೋ ಕೇಳಿದಳು. ತಾತ ಉತ್ತರ ಕೊಡುವಷ್ಟರಲ್ಲಿ ಮೂರನೇ ಸೀಟಿನಲ್ಲಿದ್ದಳು. ಅವಳ ನೀರಿನ ಬಾಟಲಿ ಮೊದಲನೇ ಸೀಟಿನಲ್ಲೇ ಉಳಿದಿತ್ತು. ನಾನು ಅರ್ಧ ಎದ್ದೆ. ಅವಳು ಸುಮ್ಮನೆ ವಾಪಸು ಹೋಗಿ ಅದನ್ನು ಎತ್ತಿಕೊಂಡಳು. ನಾನು ಅರ್ಧ ಕೂತೆ. ಹೀಗೆ ಅವಳಿಗಿಂತ ಹೆಚ್ಚು ಎದ್ದು ಕೂತು ಮಾಡಿದವಳು ಆ ಬಸ್ಸಿನಲ್ಲಿ ನಾನೇ. ಆದರೂ ಒಂದು ಮಾತು ಹೇಳಬೇಕು. ನನ್ನ ಪಕ್ಕದಲ್ಲಿ ಕೂತಾಗ ಅವಳ ಮುಖ ಯಾವಾಗಲೂ ನನ್ನ ಕಡೆ ಇರುತ್ತಿತ್ತು, ಸರಿ ಮಾಡಿದೆನಾ ಎಂದು ಕೇಳುವ ಹಾಗೆ. ಈಗ ಅದು ಕಿಟಕಿಯ ಕಡೆಗಿತ್ತು. ಅಷ್ಟು ದೂರದಿಂದ ನೋಡಿದರೆ ಯಾರದೋ ಮಗಳ ಹಾಗೆ, ಪರಿಚಯ ಮಾಡಿಕೊಳ್ಳೋಣ ಅನ್ನಿಸುವಂಥ ಹುಡುಗಿಯ ಹಾಗೆ ಕಂಡಳು.

ಈ ಸುಖದಲ್ಲಿರುವಾಗಲೇ ನಮ್ಮ ಕಚೇರಿಯ ಬಸ್ ನಿಲ್ದಾಣದಲ್ಲಿ ಒಬ್ಬರು ಹತ್ತಿ ನನ್ನ ಪಕ್ಕ ಕೂತರು. ಕೂತವರು ನನ್ನನ್ನು ನೋಡಲಿಲ್ಲ. ನನ್ನ ತಲೆಯನ್ನು ನೋಡಿದರು. ಟೋಪಿ ಬಹಳ ಚೆನ್ನಾಗಿದೆ, ಎಲ್ಲಿ ತೆಗೆದುಕೊಂಡಿರಿ ಎಂದು ವಿಚಾರಿಸಿದರು. ಧ್ವನಿ ಕೇಳಿದ ಕೂಡಲೇ ಗುರುತು ಸಿಕ್ಕಿತು. ಭೂಗೋಳದ ಟೀಚರು. ಆ ದಾರಿಯ ಬಸ್ಸಿನಲ್ಲಿ ಕಳೆದ ಟೋಪಿಯ ಒಡತಿ ಅದೇ ದಾರಿಯ ಬಸ್ಸಿನಲ್ಲಿ ಓಡಾಡುತ್ತಾರೆ ಎಂಬ ಸಾಮಾನ್ಯ ಜ್ಞಾನ ಇಷ್ಟು ವರ್ಷ ಇದೇ ಕೆಲಸ ಮಾಡಿದ ನನಗೆ ಹೊಳೆದಿರಲಿಲ್ಲ.

ಮನೆಯಲ್ಲಿತ್ತು ಎಂದೆ, ಧ್ವನಿ ದಪ್ಪ ಮಾಡಿಕೊಂಡು. ತಮ್ಮದೂ ಥೇಟ್ ಹೀಗೇ ಇತ್ತು ಎಂದರು. ಇಂಥ ಟೋಪಿ ಊರಲ್ಲಿ ನೂರು ಇರುತ್ತವೆ ಎಂದೆ. ಆದರೆ ಇದು ತಮ್ಮದೇ ಅನ್ನಿಸುತ್ತಿದೆ ಎಂದರು. ಆಗ ನನ್ನ ನಾಲಿಗೆ, ಅನ್ನ ಹಾಕುವ ಇಲಾಖೆಗೆ ನಿಷ್ಠವಾದ ಈ ಹಾಳು ನಾಲಿಗೆ, ನನ್ನನ್ನು ಕೇಳದೆ ಎದ್ದು ನಿಂತಿತು.

"ನಿಮ್ಮದೇ ಅನ್ನೋದಕ್ಕೆ ಗುರುತು ಹೇಳಿ."

ಟೀಚರು ನಿಧಾನವಾಗಿ ನನ್ನ ಕಡೆ ತಿರುಗಿದರು. ಕೈ ಚಾಚಿ ನನ್ನ ಕಪ್ಪು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದರು. ಹಿಂದಿನ ಬೆಂಚಿನ ವಿದ್ಯಾರ್ಥಿನಿಯನ್ನು ಹಿಡಿದ ನೋಟ ಅದು. ಏನು ಹೇಳುತ್ತಿದ್ದರೋ, ಅಷ್ಟರಲ್ಲಿ ಬಸ್ಸು ನಿಂತಿತು. ಈಜುಕೊಳಕ್ಕೆ ಇನ್ನೂ ಒಂದು ನಿಲ್ದಾಣ ಇರುವಾಗಲೇ ಬುಗುರಿ ಟಣ್ಣನೆ ಇಳಿದುಬಿಟ್ಟಳು.

ನಾನು ಎದ್ದೆ, ಟೋಪಿ ಟೀಚರ ಕೈಯಲ್ಲಿ ಉಳಿಯಿತು. ಜನರನ್ನು ತಳ್ಳಿಕೊಂಡು, ಹೊರಡುತ್ತಿದ್ದ ಬಸ್ಸಿಗೆ ಶಿಳ್ಳೆ ಹಾಕಿಸಿ ಇಳಿದೆ. ಬುಗುರಿ ಅಡ್ಡರಸ್ತೆಯೊಂದಕ್ಕೆ ತಿರುಗುತ್ತಿದ್ದಳು. ಏನೇನೋ ಕೆಟ್ಟ ಯೋಚನೆ ತಲೆಯಲ್ಲಿ ಓಡಿತು. ತಿರುವಿನಲ್ಲಿ ನೋಡಿದರೆ ಬೀದಿಯ ನಡುವೆ ಸಣ್ಣ ಗುಂಪು. ನಾಲ್ಕು ಜನ ಆಳುಗಳು ಹಗ್ಗ ಹಿಡಿದು, ಆಳೆತ್ತರದ ಕನ್ನಡಿ ಇರುವ ಒಂದು ಭಾರಿ ಬೀರುವನ್ನು ಮೂರನೇ ಮಹಡಿಯ ಬಾಲ್ಕನಿಗೆ ಎಳೆಯುತ್ತಿದ್ದರು. ಮೆಟ್ಟಿಲು ಇಕ್ಕಟ್ಟಿರಬೇಕು. ಬೀರು ಗಾಳಿಯಲ್ಲಿ ನಿಧಾನವಾಗಿ ತಿರುಗುತ್ತಿತ್ತು. ಕನ್ನಡಿಯ ಬೆಳಕು ಎದುರು ಮನೆಗಳ ಗೋಡೆಯ ಮೇಲೆ ಜಾರುತ್ತಾ, ಒಂದು ಬೆಕ್ಕಿನ ಮೇಲೆ ಹಾದು, ಮುಂದೆ ಹೋಗುತ್ತಿತ್ತು. ಬುಗುರಿ ಬಾಯಿ ಬಿಟ್ಟುಕೊಂಡು ಮೇಲೆ ನೋಡುತ್ತಿದ್ದಳು. ನಾನು ಕಂಬದ ಹಿಂದೆ ನಿಂತೆ.

"ಅಮ್ಮ, ಬೀರುವಲ್ಲಿ ನೀನು ಕಾಣ್ತಿದೀಯ" ಎಂದಳು, ತಿರುಗಿಯೂ ನೋಡದೆ.

ಹೌದು, ಕನ್ನಡಿಯಲ್ಲಿ ಕಂಬವೂ ಇತ್ತು, ಕಂಬಕ್ಕಿಂತ ಎರಡೂ ಬದಿಗೆ ಅಗಲವಾಗಿ ನಾನೂ ಇದ್ದೆ. ಹೊರಗೆ ಬಂದೆ. ಬಸ್ ಹತ್ತಿದ ತಕ್ಷಣವೇ ಗೊತ್ತಾಗಿತ್ತಂತೆ, ಚಪ್ಪಲಿ ನೋಡಿದಳಂತೆ. ನೀನು ಖುಷಿಯಾಗಿದ್ದೆ, ಅದಕ್ಕೇ ಸುಮ್ಮನಿದ್ದೆ ಎಂದಳು. ಅಷ್ಟರಲ್ಲಿ ಬೀರು ಬಾಲ್ಕನಿಯ ಅಂಚಿಗೆ ಬಂತು, ನಾನೂ ಮೇಲೆ ನೋಡಿದೆ. ಒಮ್ಮೆ ನೋಡಿದ ಮೇಲೆ ಕಣ್ಣು ಕೀಳುವುದು ಹೇಗೆ? ಒಳಗೆ ಹೋಗುತ್ತದಾ ಎಂದು ಕೇಳಿದೆ. ಕಾಲು ಬಿಚ್ಚಿದರೆ ಖಂಡಿತ ಹೋಗುತ್ತದೆ ಎಂದು ಬುಗುರಿ ತಜ್ಞಳ ಹಾಗೆ ಹೇಳಿದಳು. ಆಳುಗಳು ಕಾಲು ಬಿಚ್ಚಿದರು. ಹೋಗಲಿಲ್ಲ. ಹಾಗಾದರೆ ಅಡ್ಡ ಮಾಡಬೇಕು ಎಂದಳು. ಬೇಡ, ಬಾಗಿಲು ಬಿಚ್ಚಬೇಕು ಎಂದು ನಾನು ವಾದಿಸಿದೆ. ಮೇಸ್ತ್ರಿ ಬೆವರು ಒರೆಸಿಕೊಂಡು, ಇಬ್ಬರೂ ಸ್ವಲ್ಪ ದೂರ ನಿಂತು ಮಾತಾಡಿಕೊಳ್ಳಿ ಎಂದು ಕೇಳಿಕೊಂಡರು. ಕೊನೆಗೆ ಬೀರು ಹೇಗೆ ಒಳಗೆ ಹೋಯಿತು ಎಂದರೆ, ಬಾಲ್ಕನಿಯ ಕಟಕಟೆಯನ್ನೇ ಬಿಚ್ಚಿದರು. ಅದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಗುಂಪಿನವರೆಲ್ಲ ಸೇರಿ ಚಪ್ಪಾಳೆ ತಟ್ಟಿದೆವು.

"ಅಯ್ಯೋ, ನಿನ್ನ ಈಜು" ಎಂದೆ ನಾನು, ಕೈ ಇನ್ನೂ ಚಪ್ಪಾಳೆಯಲ್ಲೇ ಇರುವಾಗ. ಮರೆತೇಹೋಯಿತು ಎಂದಳು. ನಾನೂ ಮರೆತಿದ್ದೆ ಎಂಬುದನ್ನು ಇಬ್ಬರೂ ಹೇಳದೆ ಬಿಟ್ಟೆವು. ತರಗತಿ ಮುಗಿಯುವ ಹೊತ್ತಾಗಿತ್ತು. ಅವಳ ಹೆಗಲಲ್ಲಿ ಚೀಲ, ಕೈಯಲ್ಲಿ ಬಾಟಲಿ, ಕತ್ತಿನಲ್ಲಿ ಈಜು ಕನ್ನಡಕ ಎಲ್ಲ ಇದ್ದವು. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಅಮ್ಮ, ನಿನ್ನ ಬ್ಯಾಗೆಲ್ಲಿ?"

ಬ್ಯಾಗು ಬಸ್ಸಿನಲ್ಲಿತ್ತು. ಫೋನು, ಟಿಕೆಟ್ಟಿನ ಹಣ, ಕಚೇರಿಯ ಬೀಗದ ಕೈ ಎಲ್ಲ ಅದರೊಳಗೆ. ಆ ಹೊತ್ತಿಗೆ ಅದು ನನ್ನನ್ನು ಬಿಟ್ಟು ಕೊನೆಯ ನಿಲ್ದಾಣ ಮುಟ್ಟಿರಬೇಕು. ಕಚೇರಿಗೆ ನಡೆದೇ ಹೊರಟೆವು. ದಾರಿಯಲ್ಲಿ, ಬೈಯುವ ಅರ್ಹತೆ ಹೇಗೂ ಹೋಗಿತ್ತಲ್ಲ, ಬಹಳ ದಿನದಿಂದ ಕೇಳಬೇಕೆಂದಿದ್ದುದನ್ನು ಕೇಳಿದೆ: ಮಾತ್ರೆ ಇದ್ದಾಗ ಹೇಗಿರುತ್ತಿತ್ತು, ಈಗ ಹೇಗಿದೆ. ಅವಳು ಒಂದು ಕಲ್ಲನ್ನು ಒದೆಯುತ್ತಾ ಸ್ವಲ್ಪ ದೂರ ನಡೆದಳು.

"ಆಗ ಎಲ್ಲಾ ಸಾಲಾಗಿ ಒಂದೊಂದೇ ಬರ್ತಿತ್ತು. ಈಗ ಎಲ್ಲಾ ಒಟ್ಟಿಗೇ ನುಗ್ಗತ್ತೆ. ಲೆಕ್ಕಕ್ಕೆ ಅದು ಚೆನ್ನಾಗಿತ್ತು. ಬೀರುಗೆ ಇದು."

ಯಾವುದು ನೀನು ಎಂದು ಕೇಳಿದೆ. ಎರಡೂ ನಾನೇ ಅಲ್ಲವಾ, ಬೇರೆ ಯಾರು ಇರುತ್ತಾರೆ ಎಂದು ಆಶ್ಚರ್ಯಪಟ್ಟಳು.

ಕಚೇರಿಯಲ್ಲಿ ನಮಗಾಗಿ ಒಂದು ಸಭೆಯೇ ಸೇರಿತ್ತು. ಮೇಜಿನ ಆಚೆ ನನ್ನ ಕುರ್ಚಿಯಲ್ಲಿ ಹಿರಿಯರು. ಈಚೆ ಬೆಂಚಿನ ಮೇಲೆ ಭೂಗೋಳದ ಟೀಚರು, ತೊಡೆಯ ಮೇಲೆ ಟೋಪಿ. ನಡುವೆ ನನ್ನ ಬ್ಯಾಗು. ಸೀಟಿನ ಮೇಲೆ ಬಿಟ್ಟುಹೋಗಿದ್ದನ್ನು ಟೀಚರೇ ತಂದುಕೊಟ್ಟಿದ್ದರು. ನಾನು ಕೃತಜ್ಞತೆಯಿಂದ ಕೈ ಚಾಚಿದೆ. ಹಿರಿಯರು ಬ್ಯಾಗನ್ನು ತಮ್ಮ ಕಡೆ ಎಳೆದುಕೊಂಡರು.

"ಗುರುತು ಹೇಳಿ ಮೇಡಂ" ಎಂದರು, ಅತ್ಯಂತ ವಿನಯದಿಂದ.

ಇದೇನು ತಮಾಷೆ ಎಂದೆ. ಸ್ವಂತ ತಮ್ಮನೇ ಬಂದರೂ ಎಂದು ತಾವೇ ಹೇಳಿದ್ದು ಎಂದು ನೆನಪಿಸಿ, ಬಣ್ಣ ಕೇಳಿದರು. ಬ್ಯಾಗನ್ನು ಅವರು ಮೇಜಿನ ಕೆಳಗೆ ಇಳಿಸಿಯಾಗಿತ್ತು. ಕಂದು ಎಂದೆ, ಧೈರ್ಯವಾಗಿ. ಹಿರಿಯರು ಟೀಚರನ್ನು ನೋಡಿದರು, ಟೀಚರು ಛಾವಣಿಯನ್ನು ನೋಡಿದರು. "ಕಡು ಕೆಂಪು, ಅಮ್ಮ" ಎಂದು ಬುಗುರಿ ಪಿಸುಗುಟ್ಟಿದಳು. ಎಷ್ಟು ವರ್ಷದಿಂದ ಹೊತ್ತುಕೊಂಡು ತಿರುಗುತ್ತಿದ್ದೆನೋ, ನನಗದು ಕಂದೇ ಆಗಿತ್ತು. ಒಳಗೆ ಏನೇನಿದೆ ಎಂದು ಮುಂದಿನ ಪ್ರಶ್ನೆ. ಫೋನು, ಪರ್ಸು, ಬೀಗದ ಕೈ ಎಂದೆ. ಅವು ಎಲ್ಲರ ಬ್ಯಾಗಿನಲ್ಲೂ ಇರುತ್ತವೆ ಮೇಡಂ, ವಿಶೇಷ ಗುರುತು ಬೇಕು ಎಂದರು. ನಾನು ತಡವರಿಸಿದೆ. ಆಣೆ ಮಾಡಿ ಹೇಳುತ್ತೇನೆ, ಆ ಕ್ಷಣಕ್ಕೆ ಒಂದೂ ನೆನಪಿಗೆ ಬರಲಿಲ್ಲ.

ನಾನು ಹೇಳಲಾ ಎಂದು ಬುಗುರಿ ಮುಂದೆ ಬಂದಳು. ಕಣ್ಣು ಮುಚ್ಚಿಕೊಂಡು ಶುರು ಮಾಡಿದಳು. ಜಿಪ್ಪಿನ ತುದಿಗೆ ಕಾಗದದ ಕ್ಲಿಪ್ಪು ಸಿಕ್ಕಿಸಿದೆ. ಒಂದೇ ಒಂದು ಕಿವಿಯೋಲೆ. ಅರ್ಧ ತಿಂದ ಬಿಸ್ಕತ್ತು, ಕರವಸ್ತ್ರದಲ್ಲಿ. ತೂಕ ಇಳಿಸುವ ವ್ಯಾಯಾಮದ ಚೀಟಿ, ಮಡಿಸಿದ್ದು ಬಿಚ್ಚೇ ಇಲ್ಲ. (ಟೀಚರು ಕೆಮ್ಮಿದರು.) ಅಪ್ಪನ ಕೆಂಪು ಪೆನ್ನು, ಅಪ್ಪ ಮನೆಯೆಲ್ಲ ಹುಡುಕುತ್ತಿರುವುದು.

"ಆಮೇಲೆ ಒಳಗಿನ ಪಾಕೀಟಲ್ಲಿ ನನ್ನ ಮಾತ್ರೆ. ಒಂದು ಪೂರ್ತಿ ಹಾಳೆ."

(ಇದನ್ನು ನಾನು ನಿಮಗೂ ಹೇಳಿರಲಿಲ್ಲ. ಗಂಡನಿಗೂ ಹೇಳಿರಲಿಲ್ಲ.) ನಿಲ್ಲಿಸಿದ ದಿನದಿಂದ ಅದನ್ನು ಬ್ಯಾಗಿನಲ್ಲಿಟ್ಟುಕೊಂಡೇ ಓಡಾಡುತ್ತಿದ್ದೆ. ಡಾಕ್ಟರನ್ನು ಕೇಳದೆ ಕೊಡುವ ಉದ್ದೇಶ ಇರಲಿಲ್ಲ. ಅವಳು ಅತ್ತಾಗ, ಕೂಗಾಡಿದಾಗ ಮೆಲ್ಲನೆ ಕೈಹಾಕಿ ಮುಟ್ಟಿ ನೋಡುತ್ತಿದ್ದೆ, ಅಷ್ಟೇ. ಅದಕ್ಕೆ ಅಪನಂಬಿಕೆ ಎಂದು ಹೆಸರಿಡಬಹುದು. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಯಾವಾಗ ನೋಡಿದೆ ಎಂದು ಕೇಳಿದೆ. ಮೊದಲನೇ ದಿನವೇ ಎಂದಳು. ಬೇಸರ ಆಗಲಿಲ್ಲವಾ ಎಂದೆ.

"ಸ್ವಲ್ಪ ಆಯ್ತು. ಆಮೇಲೆ, ಇರ್ಲಿ, ಇದು ಅಮ್ಮನಿಗೆ ಬೇಕಾಗಿರೋ ಮಾತ್ರೆ ಅಂದ್ಕೊಂಡೆ."

ಹಿರಿಯರು ಬ್ಯಾಗನ್ನು ಮೇಜಿನ ಮೇಲಿಟ್ಟು, ನನ್ನ ಕಡೆಗಲ್ಲ, ಅವಳ ಕಡೆಗೆ ತಳ್ಳಿದರು. ಗುರುತು ಹೇಳಿದವಳು ಅವಳೇ ಎಂಬುದು ಅವರ ವಾದ. ಅಷ್ಟರಲ್ಲಿ ಟೀಚರು ಎದ್ದು, ಟೋಪಿಯನ್ನು ನನ್ನ ಮುಂದೆ ಹಿಡಿದರು. ಪಟ್ಟಿಯ ಬಣ್ಣ ಹಸಿರು, ಇವತ್ತು ಬಹಳ ಹತ್ತಿರದಿಂದ ನೋಡುವ ಅವಕಾಶ ಸಿಕ್ಕಿತು ಎಂದರು. ನಾನು ತಲೆ ತಗ್ಗಿಸಿ ಕೊಟ್ಟೆ. ಕೊಡುವುದಕ್ಕೇನಿತ್ತು, ಅವರ ಕೈಯಲ್ಲೇ ಇತ್ತು. ಹೋಗುವ ಮೊದಲು ಬುಗುರಿಯ ಹತ್ತಿರ ನಿಂತು, ಜಗತ್ತಿನ ಅತಿ ಉದ್ದದ ನದಿ ಯಾವುದೆಂದು ಕೇಳಿದರು. ಅದನ್ನು ಅಳೆಯುವಾಗ ತಿರುವುಗಳನ್ನೂ ಸೇರಿಸುತ್ತಾರಾ ಎಂದು ಅವಳು ತಿರುಗಿ ಕೇಳಿದಳು. ಟೀಚರು ಮತ್ತೆ ಬೆಂಚಿನ ಮೇಲೆ ಕೂತರು. ಅವರಿಬ್ಬರೂ ಎದ್ದದ್ದು ಮಧ್ಯಾಹ್ನಕ್ಕೆ.

ಸಂಜೆ ಬುಗುರಿಯೇ ಡಾಕ್ಟರಮ್ಮನಿಗೆ ಫೋನಿನಲ್ಲಿ ಎಲ್ಲ ಹೇಳಿದಳು. ಬೀರುವಿಗೆ ಬಹಳ ಸಮಯ ಹೋಯಿತು, ನನ್ನ ಪಾಲಿನ ಕಥೆಗೂ ಬಹಳ ಸಮಯ ಹೋಯಿತು. ಆ ಕಡೆಯಿಂದ ಡಾಕ್ಟರಮ್ಮ ನಗುವುದು ನನಗೆ ಅಡುಗೆಮನೆಗೆ ಕೇಳಿಸುತ್ತಿತ್ತು. ರಜೆ ಮುಗಿಯುವವರೆಗೆ ಹೀಗೇ ನಡೆಯಲಿ, ಶಾಲೆ ಶುರುವಾದ ಮೇಲೆ ಬೇಕೋ ಬೇಡವೋ ಎಂದು ಇವಳನ್ನೂ ಕೂರಿಸಿಕೊಂಡು ಯೋಚಿಸೋಣ ಎಂದರಂತೆ. ಮಾತ್ರೆಯ ಹಾಳೆ ಮನೆಯ ಔಷಧಿ ಡಬ್ಬಿಗೆ ಹೋಯಿತು. ನಾನೇ ಇಟ್ಟೆ. ಒಮ್ಮೆ ತಿರುಗಿ ನೋಡಿದೆ, ಎರಡನೇ ಸಲ ನೋಡಲಿಲ್ಲ.

ನನ್ನ ಗಂಡ ಕೆಂಪು ಪೆನ್ನು ಸಿಕ್ಕಿದ ಸಂತೋಷದಲ್ಲಿ ಮಗಳ ಜೊತೆ ಗುಟ್ಟಾಗಿ ಮಾತುಕತೆ ನಡೆಸಿ ತೀರ್ಪು ಕೊಟ್ಟರು. ಬುಗುರಿ ಈಜಿಗೆ ಒಬ್ಬಳೇ ಹೋಗಬಹುದು. ಆದರೆ ಅಮ್ಮನನ್ನು ಬಸ್ಸಿನಲ್ಲಿ ಒಬ್ಬಳೇ ಬಿಡುವುದು ಕ್ಷೇಮವಲ್ಲ. ಆದ್ದರಿಂದ ಕಚೇರಿಯವರೆಗೆ ಬುಗುರಿ ಅವಳ ಮೇಲೊಂದು ಕಣ್ಣಿಡತಕ್ಕದ್ದು. ಅಲ್ಲರೀ, ನಾನು ತಾಯಿ ಎಂದೆ. ಅದರಲ್ಲಿ ತಪ್ಪೇನೂ ಕಾಣಲಿಲ್ಲ ಎಂದರು, ಪ್ರೂಫ್ ನೋಡುವವರ ಹಾಗೆ.

ಮಾರನೆಯ ದಿನ ಬಸ್ಸಿನಲ್ಲಿ ನಾನು ಮುಂದೆ ಕೂತೆ. ಅವಳು ಕೆಲವು ಸೀಟು ಹಿಂದೆ, ಪರಿಚಯವೇ ಇಲ್ಲದವಳ ಹಾಗೆ. ಬೆನ್ನಿನ ಮೇಲೆ ಎರಡು ಕಣ್ಣು ನೆಟ್ಟಿರುವುದು ಗೊತ್ತಾಗುತ್ತಿತ್ತು. ಅಷ್ಟು ನೆಟ್ಟಗೆ, ಅಷ್ಟು ಜಾಗರೂಕಳಾಗಿ ನಾನು ನನ್ನ ಮದುವೆಯ ದಿನವೂ ಕೂತಿರಲಿಲ್ಲ. ನನ್ನ ನಿಲ್ದಾಣ ಬಂತು. ಎದ್ದು ಬಾಗಿಲ ಹತ್ತಿರ ಬಂದಾಗ ಹಿಂದಿನಿಂದ, ಇಡೀ ಬಸ್ಸಿಗೆ ಕೇಳುವ ಹಾಗೆ, "ಅಮ್ಮ, ಬ್ಯಾಗು" ಎಂಬ ಕೂಗು ಬಂತು. ಬ್ಯಾಗು ನನ್ನ ಹೆಗಲಲ್ಲೇ ಇತ್ತು. ಎತ್ತಿ ತೋರಿಸಿದೆ, ಎಲ್ಲ ಪ್ರಯಾಣಿಕರಿಗೂ ಕಾಣುವ ಹಾಗೆ. ತಲೆ ಎತ್ತಿಕೊಂಡು ಇಳಿದೆ.

ಬಸ್ಸು ಹೊರಟಿತು. ಅವಳಿಗೆ ಕೈ ಬೀಸೋಣ ಎಂದು ತಿರುಗಿದೆ. ಬುಗುರಿ ನಾನು ಕೂತಿದ್ದ ಸೀಟಿಗೆ ಬಂದು, ಕಿಟಕಿಯ ಗಾಜಿಗೆ ಮೂಗು ಒತ್ತಿ, ಎರಡೂ ಕೈಯಲ್ಲಿ ನನ್ನ ಊಟದ ಡಬ್ಬಿಯನ್ನು ಎತ್ತಿ ಹಿಡಿದಿದ್ದಳು.